ಬಾವಿಯೊಳಗಿನ ಭಾನುವಾರ

ಆಮೋಸಪ್ಪ ಬಾವಿ ತೋಡುವವನು. ಗದಗಿನ ಸುತ್ತಮುತ್ತ ಅವನು ಇಳಿಯದ ಊರು ಕಡಿಮೆ. ಮೇಲಿನ ಕರಿಮಣ್ಣು, ಅದರ ಕೆಳಗಿನ ಸಣ್ಣಕಲ್ಲಿನ ಗರಸು, ಅದಕ್ಕೂ ಕೆಳಗಿನ ಬಂಡೆ, ಎಲ್ಲವೂ ಅವನ ಗುದ್ದಲಿಗೆ ಗೊತ್ತು. ಎತ್ತರದ ಆಳು, ಗಟ್ಟಿ ರಟ್ಟೆ. ಕತ್ತಲೆಗೆ ಅವನು ಹೆದರುತ್ತಿರಲಿಲ್ಲ. ಹಾವಿಗೂ ಹೆದರುತ್ತಿರಲಿಲ್ಲ. ಅವನು ಹೆದರುತ್ತಿದ್ದುದು ಒಂದಕ್ಕೇ, ಸುಮ್ಮನೆ ಕೂರುವುದಕ್ಕೆ.

ನಗಬೇಡಿ. ಆ ಭಯ ಅವನಿಗೆ ಎಲ್ಲಿಂದ ಬಂತು ಎಂದು ಮೊದಲು ಕೇಳಿ.

ಅವನಿಗೆ ಇನ್ನೂ ಮೀಸೆ ಚಿಗುರುತ್ತಿದ್ದ ಕಾಲ. ಒಂದು ಭಾನುವಾರ ಅವನ ಅಪ್ಪ ಆರಾಧನೆ ಮುಗಿಸಿ ಮನೆಗೆ ಬಂದ. ರೊಟ್ಟಿ, ಪುಂಡಿಪಲ್ಲೆ ಉಂಡ. "ಇವತ್ತ ಸಬ್ಬತ್, ದೇವರು ಕೊಟ್ಟ ವಿಶ್ರಾಂತಿ ದಿನ, ಒಂಚೂರು ಅಡ್ಡಾಗತೀನಿ" ಎಂದು ಅಂಗಳದ ಹೊರಸಿನ ಮೇಲೆ ಮಲಗಿದ. ಪಕ್ಕದಲ್ಲೇ ಕಂಬಳಿ ಹಾಸಿಕೊಂಡು ಆಮೋಸನೂ ಮಲಗಿದ. ಎಚ್ಚರವಾದಾಗ ನೆರಳು ಸರಿದು ಅಪ್ಪನ ಮುಖಕ್ಕೆ ಬಿಸಿಲು ಬಿದ್ದಿತ್ತು. ಎಬ್ಬಿಸೋಣವೆಂದು ಕೈ ಹಿಡಿದ. ಅಂಥ ಬಿಸಿಲಿನಲ್ಲೂ ಆ ಕೈ ತಣ್ಣಗಿತ್ತು. ಅಪ್ಪನಿಗೆ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ, ನೋವೆಂದು ಒಂದು ದಿನ ಅಂದವನಲ್ಲ. ಮಲಗಿದ್ದ, ಅಷ್ಟೇ. ಮಗ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿರುವಾಗಲೇ ಹೋಗಿಬಿಟ್ಟಿದ್ದ.

ಅಂದಿನಿಂದ ಆಮೋಸನ ತಲೆಯಲ್ಲಿ ಒಂದು ಮಾತು ಕೂತುಬಿಟ್ಟಿತು. ಸಾವು ಓಡಾಡುವವರನ್ನು ಹಿಡಿಯುವುದಿಲ್ಲ, ಮಲಗಿದವರನ್ನು ಹಿಡಿಯುತ್ತದೆ. ಈ ಮಾತನ್ನು ಅವನು ಯಾರಿಗೂ ಹೇಳಲಿಲ್ಲ, ಹೇಳಿದರೆ ನಗುತ್ತಾರೆಂದು ಗೊತ್ತಿತ್ತು. ಆದರೆ ಅವನ ಬಾಳೆಲ್ಲ ಆ ಮಾತಿನಂತೆಯೇ ನಡೆಯಿತು. ಬಾವಿ ಇಲ್ಲದ ದಿನ ಹಗ್ಗ ಹೊಸೆಯುತ್ತಿದ್ದ. ಹಗ್ಗ ಮುಗಿದರೆ ಹಾರೆ ಮಸೆಯುತ್ತಿದ್ದ. ನಿದ್ದೆ ಬಂದರೂ ಗೋಡೆಗೆ ಒರಗಿ ಕೂತೇ ತೂಕಡಿಸುತ್ತಿದ್ದ, ಬೆಚ್ಚಿ ಎದ್ದು ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಎಲ್ಲಕ್ಕಿಂತ ಕಷ್ಟದ ದಿನ ಭಾನುವಾರ. ಚರ್ಚಿನ ಗಂಟೆ ಬಾರಿಸುವುದೇ ತಡ, ಓಣಿಯವರೆಲ್ಲ ತಲೆ ಬಾಚಿಕೊಂಡು, ಒಗೆದ ಬಟ್ಟೆ ಉಟ್ಟು ಆ ಕಡೆ ಹೊರಟರೆ ಇವನು ಗುದ್ದಲಿ ಹೆಗಲಿಗೇರಿಸಿ ಈ ಕಡೆ ಹೊರಡುತ್ತಿದ್ದ.

"ಭಾರೀ ದುಡಿಮೆಗಾರ" ಎಂದು ಕೆಲವರು ಹೊಗಳಿದರು. "ಆಸೆಬುರುಕ, ದೇವರ ದಿನಾನೂ ಬಿಡಂಗಿಲ್ಲ" ಎಂದು ಕೆಲವರು ಆಡಿಕೊಂಡರು. ಇವನು ದುಡಿಯುತ್ತಿಲ್ಲ, ಓಡುತ್ತಿದ್ದಾನೆ ಎಂಬುದು ಗೊತ್ತಿದ್ದುದು ಅವನ ಹೆಂಡತಿ ಕರುಣಮ್ಮನಿಗೆ ಮಾತ್ರ. ಯಾತಕ್ಕೆ ಓಡುತ್ತಿದ್ದಾನೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಆ ವರ್ಷ ಅವರ ಓಣಿಗೇ ಒಂದು ಬಾವಿ ತೋಡುವ ಕೆಲಸ ಬಂತು. ಜಾಗ ಗೊತ್ತುಮಾಡಿದ್ದು ಹಳ್ಳದ ದಂಡೆಯಲ್ಲಿ, ಚರ್ಚಿನಿಂದ ಕೂಗಳತೆ ದೂರದಲ್ಲಿ. ಕೆಳಗೆ ಅಗೆಯುವವನು ಆಮೋಸ. ಮೇಲೆ ನಿಂತು ರಾಟೆಯಿಂದ ಮಣ್ಣು ಎಳೆಸುವವನು ಗಿದ್ಯೋನಪ್ಪ. ಅವನು ಆಮೋಸನ ಅಪ್ಪನ ಜೊತೆಗಾರ, ಈಗ ಮುದುಕ, ಒಣಗಿದ ತೊಗರಿಕಟ್ಟಿಗೆಯಂಥ ಮೈ. ಆಮೋಸ ಅವನನ್ನು ಕಾಕಾ ಎನ್ನುತ್ತಿದ್ದ.

ಶನಿವಾರ ಸಂಜೆ ಗರಸು ಮುಗಿದು ಉಸುಕು ಹತ್ತಿತು. ಒದ್ದೆ ಉಸುಕು. ಬುಟ್ಟಿಯಲ್ಲಿ ಮೇಲೆ ಬಂದ ಉಸುಕನ್ನು ಗಿದ್ಯೋನಪ್ಪ ಮುಷ್ಟಿಯಲ್ಲಿ ಹಿಂಡಿದ. ಅದು ಬೆರಳ ಸಂದಿಯಿಂದ ಜಾರಿ ಹೋಯಿತು.

"ತಮ್ಮಾ, ಇದು ನಿಂದರೋ ಮಣ್ಣಲ್ಲ. ಮ್ಯಾಲ ಬಂದುಬಿಡು. ಸೋಮವಾರ ಹಲಗಿ ತಂದು ಸುತ್ತ ಆನಿಸಿ ಆಮ್ಯಾಲ ಇಳಿಯೂಣು. ನಾಳೆ ಹೆಂಗೂ ಸಬ್ಬತ್."

"ಹೂಂ ಕಾಕಾ" ಎಂದ ಆಮೋಸ.

ಬೆಳಗಾಯಿತು. ಕರುಣಮ್ಮ ಬಿಳಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಳು. ಗಂಡ ಹಗ್ಗ ಸುತ್ತುತ್ತಿದ್ದುದನ್ನು ನೋಡಿದಳು.

"ರೀ, ಇವತ್ತರ ಬರ್ರಿ. ಹಾಡಬ್ಯಾಡ್ರಿ, ಪ್ರಾರ್ಥನಾ ಮಾಡಬ್ಯಾಡ್ರಿ. ಬರೇ ಬಂದು ಕುಂಡರ್ರಿ."

ಆಮೋಸನ ಕೈ ನಿಂತಿತು. "ಕುಂತ್ರ ನನಗ ಉಸುರು ಕಟ್ಟತೈತಿ, ಕರುಣಾ" ಎಂದ. ಅವನು ಅಷ್ಟನ್ನಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ್ದಕ್ಕೆ ನಾಚಿಕೆಯಾಗಿ ಹಗ್ಗ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಟುಹೋದ.

ಅಗೆಯುವುದು ಬೇಡ, ತಳದಲ್ಲಿ ನಿಂತ ನೀರನ್ನಷ್ಟು ಬಳಿದು ಬರೋಣ ಎಂದುಕೊಂಡ. ರಾಟೆಯ ಕಂಬಕ್ಕೆ ಹಗ್ಗ ಕಟ್ಟಿ ಇಳಿದ. ಬಾವಿಯೊಳಗೆ ತಂಪು. ನೀರು ಬಳಿದ. ನೀರು ಬಳಿದ ಮೇಲೆ ಕೈ ಸುಮ್ಮನಿರಲಿಲ್ಲ, ಗುದ್ದಲಿ ಹಿಡಿದ. ದೂರದಲ್ಲಿ ಚರ್ಚಿನ ಗಂಟೆ, ಆಮೇಲೆ ಹಾಡು ಕೇಳಿಸಿತು. ಆ ಹಾಡು ಕಿವಿಗೆ ಬೀಳಬಾರದೆಂದು ಇನ್ನೂ ಜೋರಾಗಿ ಅಗೆದ.

ಬೆನ್ನ ಹಿಂದೆ ಸರ್‍ರ್ ಎಂದಿತು. ತಿರುಗಿ ನೋಡಿದ. ಗೋಡೆಯಿಂದ ತೆಳ್ಳಗೆ ಉಸುಕು ಸೋರುತ್ತಿತ್ತು. ಅವನು ಹಗ್ಗಕ್ಕೆ ಕೈ ಚಾಚಿದ. ಹಗ್ಗ ಕೈಗೆ ಸಿಕ್ಕಿತು, ಅಷ್ಟರಲ್ಲಿ ಗೋಡೆ ಕೂತಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಭಾರವಾಗಿ ಉಸಿರು ಬಿಟ್ಟಂತಾಯಿತು. ಧೂಳು ಇಳಿದ ಮೇಲೆ ನೋಡಿಕೊಂಡರೆ ಎದೆಯವರೆಗೆ ಮಣ್ಣು. ಒಂದು ಕೈ ಒಳಗೆ ಹೂತಿತ್ತು. ಹಗ್ಗ ಹಿಡಿದ ಕೈ ಮಾತ್ರ ಹೊರಗಿತ್ತು. ಕಾಲು ಇದೆಯೋ ಇಲ್ಲವೋ ತಿಳಿಯಲಿಲ್ಲ. ಕೂಗಿದ. ಕೂಗಲು ಉಸಿರು ಬಿಟ್ಟಾಗ ಎದೆ ತಗ್ಗಿತು, ಆ ತಗ್ಗಿದ ಜಾಗಕ್ಕೆ ಉಸುಕು ಬಂದು ಕೂತಿತು. ಮತ್ತೆ ಉಸಿರೆಳೆಯಲು ಹೋದರೆ ಮೊದಲಿನಷ್ಟು ಜಾಗವಿಲ್ಲ. ಆಗ ಅವನಿಗೆ ಹುಚ್ಚು ಹಿಡಿದಂತಾಯಿತು. ಹಗ್ಗ ಜಗ್ಗಿದ, ಹೆಗಲು ಕೊಡವಿದ, ಒದೆಯಲು ನೋಡಿದ. ಅವನು ಒದ್ದಾಡಿದಷ್ಟೂ ಮಣ್ಣು ಬಿಗಿಯಾಯಿತು. ಮೇಲಿನಿಂದ ಸಣ್ಣ ಸಣ್ಣ ಹೆಂಟೆ ಉದುರಿ ತಲೆಗೆ ಬೀಳುತ್ತಿದ್ದವು.

ಮೇಲೆ ನೋಡಿದರೆ ದುಂಡಗಿನ ಆಕಾಶ. ಅಲ್ಲಿ ಯಾರೂ ಇರಲಿಲ್ಲ.

ಅತ್ತ ಚರ್ಚಿನಲ್ಲಿ ಕರುಣಮ್ಮನಿಗೆ ಕೂರಲಾಗಲಿಲ್ಲ. ಗಂಡ ಬೆಳಿಗ್ಗೆ ಅಂದ ಮಾತು ಎದೆಯಲ್ಲಿ ಚುಚ್ಚುತ್ತಿತ್ತು. ಹಾಡಿನ ನಡುವೆಯೇ ಎದ್ದಳು. ಬಾವಿಯ ಬಳಿ ಕೂತು ಅವನೊಡನೆ ಮಾತಾಡುತ್ತಲಾದರೂ ಇರೋಣವೆಂದು ಹಳ್ಳದ ಕಡೆ ನಡೆದಳು. ಬಾವಿಯ ಒಂದು ಮಗ್ಗುಲು ಕುಸಿದಿದ್ದು ಕಂಡಿತು. ಹೊಟ್ಟೆಯ ಮೇಲೆ ಮಲಗಿ ಇಣುಕಿದಳು. ಕೆಳಗೆ ಒಂದು ತಲೆ, ಒಂದು ಕೈ.

"ರೀ!"

ತಲೆ ಅಲ್ಲಾಡಿತು. ಅವಳು ಎದ್ದು ಓಡಿದಳು.

ಪಾದ್ರಿಯವರು ಉಪದೇಶಕ್ಕೆ ನಿಂತಿದ್ದರು. ಬಾಗಿಲಲ್ಲಿ ಕರುಣಮ್ಮ, ಬಿಳಿ ಸೀರೆಯ ತುಂಬ ಕರಿಮಣ್ಣು. "ಬಾವಿ ಬಿದ್ದೈತಿ, ಅವರು ಒಳಗದಾರ" ಎಂದಳು. ಯಾರೂ ಪಾದ್ರಿಯ ಅಪ್ಪಣೆಗೆ ಕಾಯಲಿಲ್ಲ. ಎಲ್ಲರಿಗಿಂತ ಮುಂದೆ ಗಿದ್ಯೋನಪ್ಪ ಬಾಗಿಲು ದಾಟಿದ್ದ.

ಬಾವಿಯ ಹತ್ತಿರ ಬಂದವನೇ ಅವನು ಎರಡೂ ಕೈ ಚಾಚಿ ಜನರನ್ನು ತಡೆದ. "ಬಾಯಿ ಹತ್ರ ಯಾರೂ ನಿಂದರಬ್ಯಾಡ್ರಿ. ನಿಮ್ಮ ಭಾರಕ್ಕ ಉಳಿದ ಮಣ್ಣೂ ಬೀಳತೈತಿ. ಮೊದಲು ಆ ಮಣ್ಣಿನ ಗುಡ್ಡಿ ದೂರ ಎಳೀರಿ. ಹಲಗಿ ಬೇಕು. ಹಲಗಿ ಎಲ್ಲಿ ಅದಾವು?"

ಓಣಿಯಲ್ಲಿ ಹಲಗೆ ಎಲ್ಲಿಂದ ಬರಬೇಕು? ಸೋಮವಾರ ತರುವುದೆಂದಲ್ಲವೇ ಮಾತಾಗಿದ್ದುದು.

"ಚರ್ಚಿನ ಬೆಂಚು" ಎಂದಳು ಕರುಣಮ್ಮ.

ಸಭೆಯ ಹಿರಿಯನೊಬ್ಬ ಹಿಂದೆಗೆದ. "ಅವು ದೇವರ ಮನಿ ಸಾಮಾನು. ಅದರಾಗ ಇವತ್ತ ಸಬ್ಬತ್…" ಅವನ ಮಾತು ಮುಗಿಯಲಿಲ್ಲ. ಪಾದ್ರಿಯವರು ನಿಲುವಂಗಿ ತೆಗೆದು ಬೇಲಿಗೆ ಹಾಕಿ ಚರ್ಚಿನ ಕಡೆ ಓಡುತ್ತಿದ್ದರು. ಅವರು ಮೊದಲ ಬೆಂಚಿನ ಒಂದು ತುದಿ ಎತ್ತಿದರು. ಇನ್ನೊಂದು ತುದಿ ಎತ್ತಿದವನು ಅದೇ ಹಿರಿಯ.

ಕೆಳಗೆ ಯಾರಾದರೂ ಇಳಿಯಬೇಕಿತ್ತು. ಹಗುರ ಮೈಯವನು ಬೇಕು, ಮಣ್ಣು ಬಲ್ಲವನು ಬೇಕು. ಗಿದ್ಯೋನಪ್ಪ ತಾನೇ ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಒಂದು ಬೆಂಚಿನ ಹಲಗೆಯನ್ನು ಮುಂದೆ ಇಳಿಬಿಟ್ಟು, ಅದರ ಹಿಂದೆಯೇ ತಾನೂ ಇಳಿದ. ಹಲಗೆಯನ್ನು ಗೋಡೆಗೆ ಆನಿಸಿ ಅದರ ಮೇಲೆ ಬೆನ್ನು ಕೊಟ್ಟು, ಆಮೋಸನ ತಲೆಯ ಪಕ್ಕ ಕೂತ. ಅವನ ಬಾಯಿ, ಮೂಗಿನ ಉಸುಕು ಒರೆಸಿದ.

"ಕಾಕಾ, ಎಳೀ. ನನ್ನ ಎಳೀ."

"ಎಳಿಯಾಂಗಿಲ್ಲ. ಎಳದ್ರ ಎಲ್ಲಾ ಮೈಮ್ಯಾಲ ಬರತೈತಿ. ಮ್ಯಾಲ ಅಗ್ಯಾಕತ್ತಾರ. ಮಗ್ಗಲಿಂದ ಇಳಿಜಾರು ಮಾಡಿ ಬರತಾರ. ಹೊತ್ತು ಹಿಡೀತೈತಿ."

"ನಾ ಏನ ಮಾಡ್ಲಿ?"

"ಏನೂ ಮಾಡಬ್ಯಾಡ."

ಅವನಿಗೆ ಅದಕ್ಕಿಂತ ಭಯಂಕರವಾದ ಮಾತನ್ನು ಯಾರೂ ಹೇಳಿರಲಿಲ್ಲ. ಆಮೋಸನ ಕಣ್ಣು ಅಗಲವಾದವು. ಮೇಲೆ ಗುದ್ದಲಿಗಳ ಸದ್ದು, ಹೆಂಗಸರು ಬುಟ್ಟಿ ಸಾಗಿಸುವ ಸದ್ದು ಕೇಳಿಸುತ್ತಿತ್ತು.

"ಅವರೆಲ್ಲಾ ಆರಾಧನಾ ಬಿಟ್ಟು ಬಂದಾರಾ?"

"ಬಂದಾರ."

"ನನ್ನ ದೆಸಿಂದ ಸಬ್ಬತ್ ಕೆಟ್ಟಿತು. ದೇವರು ನನ್ನ ಹೊಡದ, ಕಾಕಾ. ಅವನ ದಿನಾ ನಾ ಬಿಟ್ಟೆ. ಅದಕ್ಕ ಹೊಡದ."

"ಹುಚ್ಚಾ" ಎಂದ ಮುದುಕ. "ಉಸುಕಿಗೆ ವಾರ ಗೊತ್ತಾಗತೈತೇನು? ಹಲಗಿ ಇಲ್ಲದ ಯಾವ ದಿನಾ ಇಳದಿದ್ರೂ ಅದು ಬೀಳತಿತ್ತು. ದೇವರು ನಿನ್ನ ಹೊಡಿಯೋನಾಗಿದ್ರ ಮ್ಯಾಲ ಅಷ್ಟು ಮಂದೀನ ಯಾಕ ಓಡಿಸಿಕೊಂಡು ಬರತಿದ್ದ? ಮತ್ತ ಸಬ್ಬತ್ ಏನೂ ಕೆಟ್ಟಿಲ್ಲ. ನೀ ಸುಮ್ಮನಿರಲಿ ಅಂತ ಅವರು ದುಡ್ಯಾಕತ್ತಾರ. ಅದೂ ಸಬ್ಬತ್ತೇ."

ಆಮೋಸನ ರೆಪ್ಪೆ ಭಾರವಾಗತೊಡಗಿದವು. ಎದೆಯ ಮೇಲಿನ ಮಣ್ಣು ಉಸಿರನ್ನು ಸಣ್ಣದು ಮಾಡಿತ್ತು, ಮೈ ಸೋತಿತ್ತು. ಕಣ್ಣು ಮುಚ್ಚುತ್ತಲೇ ಬೆಚ್ಚಿ ಬಿದ್ದ. ಹಗ್ಗ ಹಿಡಿದ ಕೈಯಿಂದ ಜೋರಾಗಿ ಜಗ್ಗಿದ. ಹಗ್ಗ ಹಲಗೆಯ ಅಂಚಿಗೆ ಸಿಕ್ಕಿಕೊಂಡಿತ್ತು. ಹಲಗೆ ಮಿಸುಕಿತು. ಅದರ ಹಿಂದಿನಿಂದ ದಬದಬ ಎಂದು ಉಸುಕು ಸುರಿಯಿತು. ಗಿದ್ಯೋನಪ್ಪ ತನ್ನ ಎದೆಯನ್ನು ಆಮೋಸನ ಮುಖದ ಮೇಲೆ ಬಗ್ಗಿಸಿ ಹಿಡಿದ. ಮೇಲೆ ಯಾರೋ ಹೆಂಗಸು ಚೀರಿದಳು.

ಉಸುಕು ನಿಂತಾಗ ಅದು ಆಮೋಸನ ಗದ್ದದವರೆಗೆ ಬಂದಿತ್ತು. ಮುದುಕನೂ ಸೊಂಟದವರೆಗೆ ಹೂತಿದ್ದ.

"ತಮ್ಮಾ, ಹಗ್ಗ ಬಿಡು. ನೀ ಜಗ್ಗಿದಂಗೆಲ್ಲಾ ಹಲಗಿ ಸರೀತೈತಿ. ಇನ್ನೊಂದು ಸಲ ಸರದ್ರ ಇಬ್ಬರೂ ಹೋಗತೀವಿ."

"ಬಿಡಾಕ ಆಗೂದಿಲ್ಲ."

"ಯಾಕ?"

ಆಗ ಆಮೋಸ ಹೇಳಿದ. ಇಷ್ಟು ವರ್ಷ ಹೆಂಡತಿಗೂ ಹೇಳದಿದ್ದುದನ್ನು, ಗದ್ದದವರೆಗೆ ಮಣ್ಣಿನಲ್ಲಿ ನಿಂತು, ಒಂದೊಂದೇ ಮಾತಿಗೆ ಉಸಿರು ಕೂಡಿಸಿಕೊಂಡು ಹೇಳಿದ. ಅಪ್ಪನ ತಣ್ಣಗಿನ ಕೈ. ತಾನು ಪಕ್ಕದಲ್ಲೇ ಮಲಗಿದ್ದುದು. "ಕೈ ಬಿಟ್ರ ನಿದ್ದಿ ಬರತೈತಿ. ನಿದ್ದಿ ಬಂದ್ರ ಅಪ್ಪನಂಗ ಹೋಗತೀನಿ. ನನಗ ಹೆದರಿಕಿ ಐತಿ, ಕಾಕಾ. ದಿನಾ ಹೆದರಿಕಿ ಐತಿ."

ಬದುಕುತ್ತೀ ಎಂದು ಸುಳ್ಳು ಧೈರ್ಯ ಹೇಳುವ ಮನುಷ್ಯ ಗಿದ್ಯೋನಪ್ಪನಲ್ಲ.

"ನನಗೂ ಹೆದರಿಕಿ ಐತಿ" ಎಂದ. "ನೋಡು, ಕಾಲು ನಡಗಾಕತ್ತಾವು, ಮಣ್ಣಾಗ ನಿನಗ ಕಾಣಂಗಿಲ್ಲ ಅಷ್ಟ. ನಾವು ಮ್ಯಾಲ ಹೋಗೇ ಹೋಗತೀವಿ ಅಂತ ನಾ ಮಾತು ಕೊಡಾಂಗಿಲ್ಲ. ಆದ್ರ ಒಂದು ಹೇಳತೀನಿ ಕೇಳು. ಯೇಸುಸ್ವಾಮಿನೂ ಒಂದು ಸಬ್ಬತ್ ದಿನಾ ಮಣ್ಣಾಗ ಮಲಗಿದ್ದ. ಶುಕ್ರವಾರ ಹೂಣಿದ್ರು. ಆಗ ಸಬ್ಬತ್ ಅಂದ್ರ ಶನಿವಾರ, ಆ ದಿನಾ ಪೂರಾ ಕಲ್ಲಿನ ಗವಿಯಾಗ ಇದ್ದ. ಏಳೂ ಸಮುದ್ರ ಮಾಡಿದ ಕೈ, ಅವತ್ತ ಮೈಗೆ ಸುತ್ತಿದ ಬಟ್ಟೀನೂ ಸರಿಸಲಿಲ್ಲ. ಸುಮ್ಮನ ಮಲಗಿದ. ತಂದಿಯಾದ ದೇವರು ಎಬ್ಬಸ್ತಾನ ಅಂತ ಮಲಗಿದ. ಎಬ್ಬಿಸಿದ. ನಿಮ್ಮಪ್ಪನೂ ಅದನ್ನ ನಂಬಿ ಮಲಗಿದವ. ಅವನನ್ನ ಯಾರೋ ಕದ್ದು ಒಯ್ದ್ರು ಅಂತ ನೀ ತಿಳದಿ. ನಾ ಹಂಗ ತಿಳದಿಲ್ಲ."

ಮೇಲಿನ ಗುದ್ದಲಿ ಸದ್ದು ಈಗ ಪಕ್ಕದ ಮಣ್ಣಿನೊಳಗಿನಿಂದ ಬರುತ್ತಿತ್ತು. ಹತ್ತಿರವೋ ದೂರವೋ ಹೇಳಲಾಗುತ್ತಿರಲಿಲ್ಲ.

"ಬಿಡು, ಆಮೋಸಾ."

ಆಮೋಸ ತನ್ನ ಕೈಯನ್ನೇ ನೋಡಿದ. ಬೆರಳುಗಳು ಬಿಳಿಚಿ ಹಗ್ಗಕ್ಕೆ ಅಂಟಿಕೊಂಡಿದ್ದವು. ಬಿಡಬೇಕೆಂದುಕೊಂಡರೂ ಬಿಡಲಿಲ್ಲ. ಒಂದು ಬೆರಳು ಸಡಿಲಿಸಿದ. ಇನ್ನೊಂದು ಬೆರಳು. ಕಡೆಗೆ ಕೈ ತಾನಾಗಿ ತೆರೆದು ಉಸುಕಿನ ಮೇಲೆ ಬಿತ್ತು. ಭಯ ಹೋಗಿರಲಿಲ್ಲ, ಎದೆ ಡವಡವ ಹೊಡೆದುಕೊಳ್ಳುತ್ತಲೇ ಇತ್ತು. ಭಯವಿದ್ದೂ ಅವನು ಕೈ ಬಿಟ್ಟಿದ್ದ. "ಅಪ್ಪಾ" ಎಂದ. ಯಾವ ಅಪ್ಪನನ್ನು ಕರೆದನೋ ಗಿದ್ಯೋನಪ್ಪ ಕೇಳಲಿಲ್ಲ.

ರೆಪ್ಪೆ ಇಳಿದವು. ಇವನು ತಡೆಯಲಿಲ್ಲ. ಮುದುಕ ಮೆಲ್ಲಗೆ ಅವನ ತಲೆಗೆ ತನ್ನ ತೋಳನ್ನು ಒತ್ತು ಕೊಟ್ಟ.

"ಆಮೋಸಾ… ಆಮೋಸಾ… ರೀ…"

ಯಾರೋ ಹೆಸರು ಹಿಡಿದು ಕರೆಯುತ್ತಿದ್ದರು. ಅವನು ಕಣ್ಣು ತೆರೆದ. ಮುಖದ ಮೇಲೆ ಬಿಸಿಲು. ಬೆನ್ನಿನ ಕೆಳಗೆ ಹುಲ್ಲು. ಸುತ್ತ ಮಣ್ಣು ಮೆತ್ತಿದ ಮುಖಗಳು, ಒಂದೂ ಗುರುತು ಸಿಗಲಿಲ್ಲ. ಹತ್ತಿರದ ಮುಖ ಮಾತ್ರ ಅಳುತ್ತಿತ್ತು, ಕೆನ್ನೆಯ ಮಣ್ಣಿನಲ್ಲಿ ಎರಡು ಗೆರೆ ಬಿದ್ದಿದ್ದವು.

"ಸತ್ತೆನೇನು?" ಎಂದು ಕೇಳಿದ.

"ಇಲ್ರಿ" ಎಂದಳು ಕರುಣಮ್ಮ. "ಮಲಗಿದ್ರಿ."

ಪಕ್ಕದಲ್ಲಿ ಗಿದ್ಯೋನಪ್ಪ ಯಾರದೋ ಹೆಗಲಿಗೆ ಒರಗಿ ನೀರು ಕುಡಿಯುತ್ತಿದ್ದ. ಮಗ್ಗುಲಿನ ಇಳಿಜಾರಿನಿಂದ ಬಂದು ಜನ ಇಬ್ಬರನ್ನೂ ಹೊರಗೆ ತಂದಿದ್ದರು, ಸಂಜೆಯಾಗುತ್ತಾ ಬಂದಿತ್ತು. ಚರ್ಚಿನ ಬೆಂಚುಗಳಲ್ಲಿ ಒಂದೂ ಉಳಿದಿರಲಿಲ್ಲ. ಎಲ್ಲವೂ ಮಣ್ಣನ್ನು ಹಿಡಿದುಕೊಂಡು ಬಾವಿಯೊಳಗೇ ನಿಂತಿದ್ದವು.

ಆಮೋಸನ ಬಲಗಾಲು ಮುರಿದಿತ್ತು. ಮುಂದೆ ಅವನು ಬಾವಿಗೆ ಇಳಿಯುವಂತಿರಲಿಲ್ಲ. ಮುಂದಿನ ಭಾನುವಾರ ಅವನನ್ನು ಹೊರಸಿನ ಸಮೇತ ಹೊತ್ತು ಚರ್ಚಿಗೆ ತಂದರು. ಜನರೆಲ್ಲ ನೆಲದ ಮೇಲೆ ಚಾಪೆ ಹಾಸಿ ಕೂತಿದ್ದರು. ಪಾದ್ರಿಯವರು ಉಪದೇಶ ಶುರುಮಾಡಿ ಸ್ವಲ್ಪ ಹೊತ್ತಾಗಿತ್ತು, ಹೊರಸಿನಿಂದ ಗೊರಕೆ ಕೇಳಿಸಿತು. ಹಿರಿಯ ಎಬ್ಬಿಸಲು ಎದ್ದ. ಪಾದ್ರಿಯವರು ಬೇಡವೆಂದು ಕೈಸನ್ನೆ ಮಾಡಿ, ದನಿ ತಗ್ಗಿಸಿ ಮುಂದುವರಿಸಿದರು.

ಆರಾಧನೆ ಮುಗಿದ ಮೇಲೆ ಆಮೋಸನಿಗೆ ಎಚ್ಚರವಾಯಿತು. ಗಿದ್ಯೋನಪ್ಪ ಪಕ್ಕದಲ್ಲಿ ಕೂತಿದ್ದ.

"ಕಾಕಾ, ನನಗ ಇನ್ನೂ ಹೆದರಿಕಿ ಆಗತೈತಿ."

"ಆಗಲಿ."

"ಕಡೀಕ ಸಾಯುವಾಗನೂ ಹಂಗೇ ಇರತೈತೇನು? ಮಲಗೂದು, ಆಮ್ಯಾಲ ಹೆಸರು ಹಿಡದು ಕರಿಯೂದು?"

ಮುದುಕ ನಕ್ಕ. "ನಾ ಇನ್ನೂ ಹೋಗಿ ನೋಡಿಲ್ಲೋ ತಮ್ಮಾ. ಆದ್ರ ಹೋಗಿ ಎದ್ದು ಬಂದವನ ಮಾತು ನಂಬೀನಿ."

ಆಮೋಸ ಇನ್ನೊಂದು ಮಗ್ಗುಲಿಗೆ ತಿರುಗಿ, ಮತ್ತೆ ಕಣ್ಣು ಮುಚ್ಚಿದ.

ನೀತಿ: ನಾವು ಬದುಕಿರುವುದು ನಮ್ಮ ಕೈಗಳು ಓಡಾಡುತ್ತಿರುವುದರಿಂದ ಎಂದು ನಂಬಿದವನಿಗೆ ವಿಶ್ರಾಂತಿ ಸಾವಿನಂತೆ ಕಾಣುತ್ತದೆ. ನಮ್ಮನ್ನು ಹಿಡಿದಿರುವುದು ದೇವರ ಕೈ ಎಂದು ಒಪ್ಪಿ, ಭಯವಿದ್ದರೂ ವಾರಕ್ಕೊಂದು ದಿನ ನಮ್ಮ ಹಿಡಿತ ಬಿಡುವುದೇ ಸಬ್ಬತ್ತು. ಹಾಗೆ ಬಿಡಲು ಕಲಿತವನು ಕೊನೆಯ ದಿನವೂ ನಂಬಿ ಮಲಗಬಲ್ಲನು. ಕ್ರಿಸ್ತನನ್ನು ಮಣ್ಣಿನಿಂದ ಎಬ್ಬಿಸಿದವನು ಅವನನ್ನೂ ಹೆಸರು ಹಿಡಿದು ಎಬ್ಬಿಸುತ್ತಾನೆ.